ಚಿತ್ರ ಒಬ್ಬರದು, ಹೆಸರು ಇನ್ನೊಬ್ಬರದು

ದೀಪಾವಳಿ ಸಮೀಪಿಸಿತೆಂದರೆ ಗಿಂಡಿಯ ಕನ್ನಡ ಕುಟುಂಬಗಳ ಮೊಬೈಲುಗಳಿಗೂ ಶುಭಾಶಯದ ಚಿತ್ರಗಳು ಬಂದು ಸೇರತೊಡಗುತ್ತವೆ. ಅವುಗಳಲ್ಲಿ ಪದೇ ಪದೇ ಕಾಣುವುದು ಒಂದು ಚಿತ್ರ. ಸೀರೆಯುಟ್ಟ ತರುಣಿಯೊಬ್ಬಳು ಒಂದು ಕೈಯಲ್ಲಿ ದೀಪ ಹಿಡಿದು, ಮತ್ತೊಂದು ಕೈಯನ್ನು ಅದಕ್ಕೆ ಮರೆಮಾಡಿ ನಿಂತಿದ್ದಾಳೆ. ಬೆರಳ ಸಂದುಗಳಲ್ಲಿ ಬೆಳಕು ಕೆಂಪಾಗಿ ಹೊಮ್ಮುತ್ತಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಕಂಡವರು ಈಕೆಯನ್ನು ಮರೆಯಲಾರರು. ಆದರೆ ಚಿತ್ರದ ಅಡಿಯಲ್ಲಿ ಅನೇಕ ವೇಳೆ ‘ರಾಜಾ ರವಿವರ್ಮ’ ಎಂದು ಬರೆದಿರುತ್ತದೆ.

ಇದು ಸತ್ಯಕ್ಕೆ ದೂರವಾದ ಮಾತು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಜಲವರ್ಣ ಚಿತ್ರ ರಚಿತವಾದದ್ದು 1945-46ರ ಸುಮಾರಿಗೆ. ಇದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್ (1882-1968). ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. 102 ವರ್ಷಗಳ ತುಂಬುಜೀವನ ನಡೆಸಿ 2018ರಲ್ಲಿ ಕೊಲ್ಹಾಪುರದಲ್ಲಿ ನಿಧನರಾದರು. ತಂದೆಯ ಕುಂಚಕ್ಕೆ ಮಗಳು ರೂಪವಿತ್ತ ಈ ಕೃತಿ ಅನ್ಯರ ಹೆಸರಿನಲ್ಲಿ ಮನೆಮನೆಯನ್ನು ತಲಪುತ್ತಿರುವುದು ವಿಷಾದದ ಸಂಗತಿ.

ಭ್ರಮೆಯ ಕಾರಣವನ್ನು ಊಹಿಸುವುದು ಕಷ್ಟವಲ್ಲ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಮುದ್ರಣಾಲಯದ ಚಿತ್ರಗಳು ದೇಶದ ಅಸಂಖ್ಯ ಗೋಡೆಗಳನ್ನು ಅಲಂಕರಿಸಿದವು. ಅವರ ಮೂಲ ಕೃತಿಗಳೂ ಜಗನ್ಮೋಹನ ಅರಮನೆಯಲ್ಲಿವೆ. ಹೀಗಾಗಿ ಅಲ್ಲಿನ ಸುಂದರ ಸ್ತ್ರೀಚಿತ್ರವೆಲ್ಲ ಅವರದೇ ಎಂಬ ಭಾವನೆ ಬೇರೂರಿತು. ಒಬ್ಬರು ಬರೆದ ತಪ್ಪನ್ನು ನೂರು ಜನ ಪರಿಶೀಲಿಸದೆ ಮುಂದೆ ಕಳುಹಿಸಿದರು.

ಚೆಕ್ಕಿನಲ್ಲಿ ಹೆಸರು ತಪ್ಪಿದರೆ ಹಣ ಸಲ್ಲಬೇಕಾದವರಿಗೆ ಸಲ್ಲದು. ಕೀರ್ತಿಯ ಸಂದಾಯವೂ ಹಾಗೆಯೇ. ಕಾನೂನು ಸಹ ಇದನ್ನು ಮನಗಂಡಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮಿನಂತೆ, ಕೃತಿಸ್ವಾಮ್ಯವನ್ನು ಪರರಿಗೆ ವಹಿಸಿಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕಲಾವಿದನಿಗೆ ಉಳಿಯುತ್ತದೆ. ಚಿತ್ರದ ಕೃತಿಸ್ವಾಮ್ಯವಾದರೋ ಸಾಮಾನ್ಯವಾಗಿ ಕಲಾವಿದನ ಮರಣಾನಂತರವೂ 60 ವರ್ಷ ಇರುತ್ತದೆ.

ಚಿತ್ರವನ್ನು ಹಂಚಿಕೊಳ್ಳುವವರು ಪಾಲಿಸಬೇಕಾದ ನಿಯಮಗಳು ಸರಳವಾಗಿವೆ. ಕಲಾವಿದನ ಹೆಸರು, ಕೃತಿಯ ಹೆಸರು, ತಿಳಿದಿದ್ದಲ್ಲಿ ಇಸವಿ ಮತ್ತು ಕೃತಿ ಇರುವ ಸ್ಥಳವನ್ನು ನಮೂದಿಸಬೇಕು. ಮೂಲೆಯಲ್ಲಿನ ಸಹಿಯನ್ನು ಕತ್ತರಿಸಬಾರದು. ಹೆಸರು ತಿಳಿಯದಿದ್ದರೆ ‘ಕಲಾವಿದರು ತಿಳಿದಿಲ್ಲ’ ಎನ್ನುವುದು ಪ್ರಾಮಾಣಿಕತೆ. ಊಹಿಸಿ ಬರೆಯುವುದು ಅನ್ಯಾಯ. ಕಲಾವಿದರು ಜೀವಂತರಿದ್ದರೆ ಹೆಸರಿನೊಡನೆ ಅವರ ಅನುಮತಿಯೂ ಅಗತ್ಯ, ಏಕೆಂದರೆ ಅದು ಅವರ ಜೀವನೋಪಾಯದ ಪ್ರಶ್ನೆ.

ಮುಂದಿನ ಹಬ್ಬದಂದು ಆ ದೀಪಧಾರಿಣಿಯ ಚಿತ್ರ ಕಳುಹಿಸುವವರು ಅಡಿಯಲ್ಲಿ ‘ಹಲ್ದಂಕರ್’ ಎಂದು ಬರೆದರೆ, ಬಹುಕಾಲದ ಬಾಕಿಯೊಂದು ಸ್ವಲ್ಪವಾದರೂ ಸಂದಂತಾಗುವುದು.