ಮದ್ಯದಂಗಡಿ ಸನ್ನದು: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಅಂಗಡಿಗೆ ಉದ್ಯಮ ಪರವಾನಗಿ ನೀಡುವುದು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ. ನಗರದ ಗಡಿ ದಾಟಿದರೆ ಆ ಕಾರ್ಯ ಗ್ರಾಮ ಪಂಚಾಯಿತಿಯದು. ಆದರೆ ವೈನ್, ಬಿಯರ್ ಮುಂತಾದ ಮದ್ಯದ ಮಾರಾಟಕ್ಕೆ ಎರಡೂ ಕಡೆ ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಅಡಿಯ ಸನ್ನದು ಕಡ್ಡಾಯ. ಅದನ್ನು ನೀಡುವ ಅಥವಾ ರದ್ದುಪಡಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗಿಲ್ಲ. ಆದುದರಿಂದ ಪಂಚಾಯಿತಿಯ ಆಕ್ಷೇಪಣೆಯು ನಿಯಮದ ಆಧಾರದ ಮೇಲೆ ನಿಲ್ಲಬೇಕು.

ಸನ್ನದಿನ ವಿಧಗಳು

ಜನರು 'ವೈನ್ ಶಾಪ್' ಎನ್ನುವ ಅಂಗಡಿಯು ಸಾಮಾನ್ಯವಾಗಿ ಸಿಎಲ್-2 ಸನ್ನದು ಪಡೆದ ಚಿಲ್ಲರೆ ಮಳಿಗೆ. ಅಲ್ಲಿ ಎಲ್ಲ ಬಗೆಯ ಮದ್ಯವನ್ನು ಮುಚ್ಚಿದ ಬಾಟಲಿಯಲ್ಲಿ ಮಾರಬಹುದು; ಕುಡಿಯಲು ಅವಕಾಶವಿಲ್ಲ. ಬಾರ್‌ಗಳಿಗೆ ಸಿಎಲ್-9, ವಸತಿಗೃಹಗಳಿಗೆ ಸಿಎಲ್-7, ಎಂಎಸ್‌ಐಎಲ್ ಮಳಿಗೆಗಳಿಗೆ ಸಿಎಲ್-11ಸಿ ಸನ್ನದು ಇರುತ್ತದೆ. ಬಿಯರ್‌ನ ಚಿಲ್ಲರೆ ಮಾರಾಟಕ್ಕೂ ವೈನ್ ಮಾತ್ರ ಮಾರುವ ಮಳಿಗೆಗೂ ಪ್ರತ್ಯೇಕ ಸನ್ನದುಗಳಿವೆ. ಆಕ್ಷೇಪಣೆಯಲ್ಲಿ ಸನ್ನದಿನ ವಿಧವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಅಂತರದ ಅಳತೆ

ಕರ್ನಾಟಕ ಅಬಕಾರಿ ಸನ್ನದುಗಳ (ಸಾಮಾನ್ಯ ಷರತ್ತುಗಳು) ನಿಯಮಗಳು, 1967ರ 5ನೇ ನಿಯಮದಂತೆ ಧಾರ್ಮಿಕ ಅಥವಾ ಶಿಕ್ಷಣ ಸಂಸ್ಥೆ, ಆಸ್ಪತ್ರೆ ಹಾಗೂ ಸರ್ಕಾರಿ ಮತ್ತು ಸ್ಥಳೀಯ ಸಂಸ್ಥೆಗಳ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸಾಮಾನ್ಯವಾಗಿ ಸನ್ನದು ನೀಡುವಂತಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರೇ ಹೆಚ್ಚಾಗಿ ವಾಸಿಸುವ ಪ್ರದೇಶಕ್ಕೂ ನಿರ್ಬಂಧವಿದೆ.

ಈ ಅಂತರವನ್ನು ನಕ್ಷೆಯ ಮೇಲಿನ ನೇರ ಗೆರೆಯಿಂದ ಅಳೆಯುವುದಿಲ್ಲ. ಅಂಗಡಿಯ ಬಾಗಿಲಿನ ಮಧ್ಯಬಿಂದುವಿನಿಂದ, ಪಾದಚಾರಿಗಳು ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿಯಲ್ಲಿ, ಸಂಸ್ಥೆಯ ಸಮೀಪದ ಗೇಟಿನ ಮಧ್ಯಬಿಂದುವಿನವರೆಗೆ ಅಳೆಯಬೇಕು. ಆವರಣ ಗೋಡೆ ಇಲ್ಲದಿದ್ದಲ್ಲಿ ಕಟ್ಟಡದ ಸಮೀಪದ ಬಾಗಿಲೇ ಗುರುತು. ನೇರ ಗೆರೆಯಲ್ಲಿ 80 ಮೀಟರ್ ಇರುವ ಶಾಲೆಯು ನಡೆದಾಡುವ ದಾರಿಯಲ್ಲಿ 120 ಮೀಟರ್ ಆದರೆ ಆಕ್ಷೇಪಣೆ ಬಿದ್ದುಹೋಗುತ್ತದೆ.

ಹೆದ್ದಾರಿ ಬದಿಯ ಗ್ರಾಮಗಳು

ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್ 15ರಂದು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯ ಮಾರಾಟವನ್ನು ನಿರ್ಬಂಧಿಸಿತು. 2017ರ ಮಾರ್ಚ್ 31ರ ಆದೇಶದಲ್ಲಿ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಿಗೆ ಇದನ್ನು 220 ಮೀಟರ್‌ಗೆ ಇಳಿಸಿತು. ಅದೇ ವರ್ಷದ ಜುಲೈನಲ್ಲಿ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಸನ್ನದುಗಳಿಗೆ ಇದು ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿತು. ಹೀಗಾಗಿ ಗದಗ ರಸ್ತೆಯಲ್ಲಿ ಪಾಲಿಕೆ ವ್ಯಾಪ್ತಿಯ ಕೇಶ್ವಾಪುರಕ್ಕೂ ಮುಂದಿನ ಗ್ರಾಮಗಳಿಗೂ ಒಂದೇ ಅಳತೆ ಅನ್ವಯಿಸುವುದಿಲ್ಲ. 2018ರ ಫೆಬ್ರವರಿ 23ರ ಆದೇಶದಂತೆ, ಸಾಕಷ್ಟು ಅಭಿವೃದ್ಧಿ ಹೊಂದಿದ ಗ್ರಾಮ ಪಂಚಾಯಿತಿ ಪ್ರದೇಶಕ್ಕೆ ವಿನಾಯಿತಿ ನೀಡುವ ಬಗ್ಗೆ ರಾಜ್ಯ ಸರ್ಕಾರ ತೀರ್ಮಾನಿಸಬಹುದು. ಆದುದರಿಂದ ನಗರದ ಅಂಚಿನ ಪಂಚಾಯಿತಿಗಳು ವಿಶೇಷ ಗಮನ ಹರಿಸುವುದು ಸೂಕ್ತ.

ಸದಸ್ಯರು ಮಾಡಬೇಕಾದುದು

1. ಪ್ರಸ್ತಾವ ತಿಳಿದೊಡನೆ ಸಾಕ್ಷಿಗಳ ಸಮಕ್ಷಮ ಅಂತರ ಅಳೆದು ಪಂಚನಾಮೆ ಬರೆಯಿಸುವುದು.
2. ಸಂಸ್ಥೆಯ ಮಾನ್ಯತೆ ಅಥವಾ ನೋಂದಣಿಯ ಪ್ರತಿ, ಆರಂಭವಾದ ವರ್ಷ, ಛಾಯಾಚಿತ್ರ ಹಾಗೂ ಕೈನಕ್ಷೆ ಲಗತ್ತಿಸುವುದು.
3. ಸಾಮಾನ್ಯ ಸಭೆಯಲ್ಲಿ ಅಳತೆಯನ್ನು ಅಂಕಿಗಳಲ್ಲಿ ದಾಖಲಿಸಿ ಠರಾವು ಅಂಗೀಕರಿಸುವುದು.
4. ಠರಾವನ್ನು ಜಿಲ್ಲಾಧಿಕಾರಿಗಳಿಗೆ ಹಾಗೂ ಅಬಕಾರಿ ಉಪ ಆಯುಕ್ತರಿಗೆ ಸಲ್ಲಿಸಿ ಸ್ವೀಕೃತಿ ಪಡೆಯುವುದು.

ಸನ್ನದು ವರ್ಷವು ಜುಲೈ 1ರಿಂದ ಜೂನ್ 30ರವರೆಗೆ ಇರುತ್ತದೆ. ಈಗಾಗಲೇ ನಡೆಯುತ್ತಿರುವ ಅಂಗಡಿಯ ಕುರಿತ ದೂರನ್ನು ನವೀಕರಣಕ್ಕೆ ಮುನ್ನವೇ ಸಲ್ಲಿಸತಕ್ಕದ್ದು. 'ಗ್ರಾಮಸ್ಥರ ವಿರೋಧವಿದೆ' ಎಂಬ ಒಂದು ಸಾಲಿಗಿಂತ 'ಶಾಲೆಯ ಗೇಟಿನಿಂದ 74 ಮೀಟರ್' ಎಂಬ ಸಾಲಿಗೆ ಉತ್ತರ ಕೊಡುವುದು ಅಧಿಕಾರಿಗಳಿಗೆ ಅನಿವಾರ್ಯವಾಗುತ್ತದೆ.