ಕೆಂಟಕಿ ನದಿಯ ದಂಡೆಯ ಮರದ ಕೋಟೆ

ಕೋಟೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕಲ್ಲು. ಚಿತ್ರದುರ್ಗವಾಗಲಿ, ಶ್ರೀರಂಗಪಟ್ಟಣವಾಗಲಿ, ಶತಮಾನಗಳು ಉರುಳಿದರೂ ಕಟ್ಟಿದ ಜಾಗದಲ್ಲೇ ನಿಂತಿವೆ. ಬಿದ್ದ ಗೋಡೆಯೂ ಅಲ್ಲೇ ಬಿದ್ದಿರುತ್ತದೆ. ಮರದ ದಿಮ್ಮಿಗಳಿಂದ ಕಟ್ಟಿದ ಕೋಟೆಯ ಗತಿಯೇನು? ಐವತ್ತು ವರ್ಷಗಳಲ್ಲಿ ಅದು ಕೊಳೆತೋ, ಸೌದೆಯಾಗಿಯೋ ಮಾಯವಾಗುತ್ತದೆ. ಅಂಥ ಕೋಟೆಯನ್ನು ಮತ್ತೆ ಕಟ್ಟಿ ಜನರಿಗೆ ತೋರಿಸುವ ಇತಿಹಾಸ ಉದ್ಯಾನಗಳು ಅಮೆರಿಕದಲ್ಲಿ ಹಲವಾರಿವೆ. ಅವುಗಳಲ್ಲಿ ಕೆಂಟಕಿ ರಾಜ್ಯದ ರಿಚ್ಮಂಡ್ ಪಟ್ಟಣದ ಬಳಿಯ ಬೂನ್ಸ್‌ಬರೊ ಹೆಸರಾದದ್ದು.

ಇಂಗ್ಲಿಷಿನಲ್ಲಿ ಇಂಥ ಸ್ಥಳವನ್ನು 'ಫ್ರಾಂಟಿಯರ್' ಎನ್ನುತ್ತಾರೆ. ಇದನ್ನು 'ಗಡಿ' ಎಂದು ಅನುವಾದಿಸಿದರೆ ಅರ್ಥ ಪೂರ್ತಿಯಾಗುವುದಿಲ್ಲ. ಎರಡು ರಾಜ್ಯಗಳ ನಡುವೆ ಗುರುತಿಸಿದ ಗೆರೆಯಲ್ಲ ಅದು. ಯುರೋಪಿನಿಂದ ಬಂದವರ ನೆಲೆಗಳು ಪಶ್ಚಿಮಕ್ಕೆ ಸರಿಯುತ್ತ ಹೋದ ಹಾಗೆ ಅವುಗಳ ಜೊತೆಗೇ ಸರಿಯುತ್ತಿದ್ದ ಅಂಚು. ಅಂಚಿನ ಆಚೆ ಇದ್ದದ್ದು ಖಾಲಿ ನೆಲವಲ್ಲ, ಬೇರೆ ಜನರ ನೆಲ ಎಂಬುದನ್ನು ಮೊದಲೇ ಗಮನಿಸಬೇಕು.

1775ರ ಮಾರ್ಚ್‌ನಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ಭೂವ್ಯಾಪಾರಿ ಸಿಕಮೋರ್ ಶೋಲ್ಸ್ ಎಂಬಲ್ಲಿ ಚೆರೊಕೀ ಮುಖಂಡರೊಡನೆ ಒಪ್ಪಂದ ಮಾಡಿಕೊಂಡು ಸುಮಾರು 2 ಕೋಟಿ ಎಕರೆ ನೆಲವನ್ನು 'ಕೊಂಡ'. ಖಾಸಗಿಯವರು ಮೂಲನಿವಾಸಿಗಳಿಂದ ಹೀಗೆ ನೆಲ ಕೊಳ್ಳುವುದನ್ನು ಬ್ರಿಟಿಷ್ ದೊರೆಯ 1763ರ ಘೋಷಣೆ ನಿಷೇಧಿಸಿತ್ತು. ಚೆರೊಕೀಗಳಲ್ಲೇ ಡ್ರ್ಯಾಗಿಂಗ್ ಕನೂ ಎಂಬ ತರುಣ ನಾಯಕ ಬಲವಾಗಿ ವಿರೋಧಿಸಿದ. ಇದೇ ಕಾಡಿನಲ್ಲಿ ಬೇಟೆಯಾಡಿಕೊಂಡು ಬಂದಿದ್ದ ಶಾನೀ ಜನ ಈ ಒಪ್ಪಂದದಲ್ಲಿ ಇರಲೇ ಇಲ್ಲ. ಕೊನೆಗೆ ವರ್ಜೀನಿಯಾ ಸರ್ಕಾರವೂ ಹೆಂಡರ್ಸನ್‌ನ ಹಕ್ಕನ್ನು ಒಪ್ಪಲಿಲ್ಲ. ಹೀಗೆ ಕಾನೂನಿನ ಕಣ್ಣಿನಲ್ಲೂ ಅಲುಗಾಡುತ್ತಿದ್ದ ನೆಲದ ಮೇಲೆ ಈ ಕೋಟೆ ಎದ್ದಿತು.

ಹೆಂಡರ್ಸನ್‌ಗಾಗಿ ದಾರಿ ಕಡಿದವನು ಡ್ಯಾನಿಯಲ್ ಬೂನ್. ಸುಮಾರು ಮೂವತ್ತು ಜನ ಕೊಡಲಿಯಾಳುಗಳೊಡನೆ ಕಂಬರ್‌ಲ್ಯಾಂಡ್ ಕಣಿವೆಯನ್ನು ದಾಟಿ ಏಪ್ರಿಲ್ ಮೊದಲಲ್ಲಿ ಅವನು ಕೆಂಟಕಿ ನದಿಯನ್ನು ಮುಟ್ಟಿದ. ಹತ್ತಿರದಲ್ಲಿ ಬುಗ್ಗೆಗಳಿದ್ದವು. ಮಣ್ಣಿನ ಉಪ್ಪು ನೆಕ್ಕಲು ಕಾಡೆಮ್ಮೆಗಳು ಅಲ್ಲಿಗೆ ಬರುತ್ತಿದ್ದವು. ನೀರು ಮತ್ತು ಬೇಟೆ ಎರಡೂ ಇರುವ ಜಾಗ ಎಂದು ಅಲ್ಲೇ ನೆಲೆ ಹೂಡಿದರು. ಆ ಮೇ ತಿಂಗಳಲ್ಲಿ ನಾಲ್ಕು ನೆಲೆಗಳ ಪ್ರತಿನಿಧಿಗಳು ಅಲ್ಲಿಯ ದೊಡ್ಡ ಎಲ್ಮ್ ಮರದ ಕೆಳಗೆ ಸಭೆ ಸೇರಿ ಕಾನೂನುಗಳನ್ನು ಮಾಡಿದರು. ಬೇಟೆಯ ಪ್ರಾಣಿಗಳ ರಕ್ಷಣೆಯೂ ಅಲ್ಲಿ ಚರ್ಚೆಗೆ ಬಂದಿತೆಂಬುದು ಸೋಜಿಗ. ಬಂದ ಕೆಲವೇ ವಾರಗಳಲ್ಲಿ ಕಾಡೆಮ್ಮೆಗಳು ದೂರ ಸರಿಯತೊಡಗಿದ್ದವು!

ಕೋಟೆಯ ರಚನೆ ಸರಳ. ಸಾಲುಸಾಲು ಗುಡಿಸಲುಗಳ ಹಿಂಗೋಡೆಯೇ ಕೋಟೆಯ ಗೋಡೆ. ಸಂದುಗಳಲ್ಲಿ ಚೂಪಾದ ಕಂಬಗಳ ಬೇಲಿ. ಮಳೆನೀರೂ ಬೆಂಕಿಯೂ ಹೊರಗಿನವರ ಕೈಗೆ ಸಿಗದಂತೆ ಮಾಡು ಒಳಮುಖವಾಗಿ ಇಳಿಯುತ್ತದೆ. ನಾಲ್ಕು ಮೂಲೆಗಳಲ್ಲಿ ಎರಡಂತಸ್ತಿನ ಕಾವಲುಮನೆಗಳು. ಮೇಲಂತಸ್ತು ಕೆಳಗಿನದಕ್ಕಿಂತ ತುಸು ಹೊರಚಾಚಿರುತ್ತದೆ. ಗೋಡೆಯ ಬುಡಕ್ಕೆ ಬಂದವನ ಮೇಲೂ ಅಲ್ಲಿಂದ ಗುಂಡು ಹಾರಿಸಬಹುದು. 1974ರಲ್ಲಿ ತೆರೆದ ಇಂದಿನ ಕೋಟೆಯಲ್ಲಿ ಇವನ್ನೆಲ್ಲ ಕಣ್ಣಾರೆ ನೋಡಬಹುದು. ಆ ಕಾಲದ ಉಡುಪು ತೊಟ್ಟ ಕುಶಲಕರ್ಮಿಗಳು ಕಬ್ಬಿಣ ಬಡಿಯುವುದು, ನೇಯುವುದು, ಮೇಣದ ಬತ್ತಿ ಎರೆಯುವುದು ಮುಂತಾದ ಕೆಲಸಗಳನ್ನು ಮಾಡಿ ತೋರಿಸುತ್ತಾರೆ. ಪಠ್ಯಪುಸ್ತಕದ ಹತ್ತು ಪುಟ ಹೇಳದ್ದನ್ನು ಒಂದು ಕುಲುಮೆ ಹೇಳುತ್ತದೆ ಎಂಬುದು ನಿಜವೇ.

ಆದರೆ ಈ ಕೋಟೆ ಮೂಲ ಕೋಟೆಯಿದ್ದ ಜಾಗದಲ್ಲಿಲ್ಲ. ಆ ಜಾಗ ನದಿಯ ಪಕ್ಕದ ತಗ್ಗಿನಲ್ಲಿದೆ. ನೆರೆ ಬಂದರೆ ಮುಳುಗುತ್ತದೆ. ಆದ್ದರಿಂದ ಹೊಸ ಕೋಟೆಯನ್ನು ಎತ್ತರದ ನೆಲದಲ್ಲಿ ಕಟ್ಟಿದರು. ಕಟ್ಟಡಕ್ಕೆ ಇದು ಒಳ್ಳೆಯದಾಯಿತು. ಇತಿಹಾಸವನ್ನು ತಿಳಿಯಬೇಕಾದವರು ಮಾತ್ರ ಕೆಳಗಿಳಿದು ಹೋಗಬೇಕು. ಏಕೆಂದು ನೋಡೋಣ.

1778ರ ಚಳಿಗಾಲ. ಮಾಂಸ ಕೆಡದಂತಿಡಲು ಉಪ್ಪು ಬೇಕು. ಒಂದು ಬುಟ್ಟಿ ಉಪ್ಪಿಗೆ ನೂರಾರು ಗ್ಯಾಲನ್ ಬುಗ್ಗೆನೀರು ಕುದಿಸಬೇಕು. ಬ್ಲೂ ಲಿಕ್ಸ್ ಎಂಬಲ್ಲಿ ಉಪ್ಪು ಕಾಯಿಸಲು ಹೋಗಿದ್ದ ಬೂನ್ ಮತ್ತು ಇಪ್ಪತ್ತಕ್ಕೂ ಹೆಚ್ಚು ಸಂಗಡಿಗರು ಫೆಬ್ರವರಿಯಲ್ಲಿ ಶಾನೀಗಳ ಸೆರೆಯಾದರು. ನಾಯಕ ಬ್ಲ್ಯಾಕ್‌ಫಿಶ್ ಬೂನ್‌ನನ್ನು ದತ್ತುಮಗನನ್ನಾಗಿ ಸ್ವೀಕರಿಸಿದ. ಜೂನ್‌ನಲ್ಲಿ ಕೋಟೆಯ ಮೇಲೆ ದಾಳಿ ಸಿದ್ಧವಾಗುತ್ತಿರುವುದು ತಿಳಿದು ಬೂನ್ ತಪ್ಪಿಸಿಕೊಂಡು, ನಾಲ್ಕು ದಿನಗಳಲ್ಲಿ ಸುಮಾರು 160 ಮೈಲಿ ಕ್ರಮಿಸಿ ಊರು ಸೇರಿದ.

ಸೆಪ್ಟೆಂಬರ್‌ನಲ್ಲಿ ಬ್ಲ್ಯಾಕ್‌ಫಿಶ್ ಬಂದ. ಜೊತೆಗೆ ನಾನೂರಕ್ಕೂ ಹೆಚ್ಚು ಯೋಧರು, ಬ್ರಿಟಿಷರ ಪರವಾಗಿದ್ದ ಕೆಲವು ಫ್ರೆಂಚ್ ಕೆನಡಿಯನ್ನರು. ಒಳಗೆ ಬಂದೂಕು ಹಿಡಿಯಬಲ್ಲ ಗಂಡಸರು ಅರವತ್ತರ ಆಸುಪಾಸು. ಸಂಧಾನ ಮುರಿದುಬಿತ್ತು. ಮುತ್ತಿಗೆ ಹಾಕಿದವರು ನದಿಯ ದಂಡೆಯಿಂದ ಕೋಟೆಯತ್ತ ಸುರಂಗ ತೋಡಲಾರಂಭಿಸಿದರು. ಅಗೆದ ಮಣ್ಣಿನಿಂದ ನದಿನೀರು ಕದಡಿದ್ದು ಒಳಗಿನವರಿಗೆ ಸುಳಿವು ಕೊಟ್ಟಿತು. ಅವರೂ ಎದುರಿನಿಂದ ಕಂದಕ ಅಗೆದರು. ಅಷ್ಟರಲ್ಲಿ ಸುರಿದ ಮಳೆಗೆ ಸುರಂಗ ಕುಸಿಯಿತು, ಮಾಡಿನ ಮೇಲೆ ಬಿದ್ದ ಬೆಂಕಿಯೂ ನಂದಿತು. ಹತ್ತು ಹನ್ನೊಂದು ದಿನಗಳ ನಂತರ ಮುತ್ತಿಗೆ ತೆರವಾಯಿತು. ಎತ್ತರದಲ್ಲಿರುವ ಇಂದಿನ ಕೋಟೆಯಲ್ಲಿ ನಿಂತು ಈ ಕಥೆ ಕೇಳಿದರೆ ದಂಡೆಯಿಂದ ಸುರಂಗವೇ ಎಂದು ಆಶ್ಚರ್ಯವಾದೀತು. ತಗ್ಗಿಗೆ ಇಳಿದು ನಿಂತರೆ ನೀರು ಎಷ್ಟು ಹತ್ತಿರವೆಂದು ಕಂಡು ಎಲ್ಲವೂ ತಿಳಿಯುತ್ತದೆ. ಬಂಧುವಿನಂತೆ ಶತ್ರುಗಳ ನಡುವೆ ಬಾಳಿದ್ದಕ್ಕಾಗಿ ಬೂನ್ ಸೈನಿಕ ವಿಚಾರಣೆಯನ್ನೂ ಎದುರಿಸಬೇಕಾಯಿತು; ನಿರ್ದೋಷಿಯೆಂದು ಬಿಡುಗಡೆಯಾಗಿ ಬಡ್ತಿಯನ್ನೂ ಪಡೆದ.

ಅದೇ ವರ್ಷಗಳಲ್ಲಿ ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಹೈದರ್ ಅಲಿಗೂ ಬ್ರಿಟಿಷರೇ ಎದುರಾಳಿಗಳು. 1782ರಲ್ಲಿ ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಗೆ ಅವನ ಹೆಸರನ್ನೇ ಇಟ್ಟಿದ್ದರು. ಇದು ಬೂನ್ಸ್‌ಬರೊದ ಕಥೆಯಲ್ಲ. ಕಾಲವನ್ನು ನೆನಪಿಡಲು ಹೇಳಿದೆ.

ಬೂನ್‌ನ ಕಥೆಯ ಅಬ್ಬರದಲ್ಲಿ ಕೆಲವರು ಮರೆಯಾಗುತ್ತಾರೆ. ಮುತ್ತಿಗೆಯಲ್ಲಿ ಕೋಟೆಯ ಪರವಾಗಿ ಹೋರಾಡಿ ಸತ್ತವರಲ್ಲಿ ಲಂಡನ್ ಎಂಬ ಕರಿಯ ಗುಲಾಮನೂ ಒಬ್ಬ. ಹೊರಗೆ ಶಾನೀಗಳ ದುಭಾಷಿಯಾಗಿದ್ದು ಸತ್ತ ಪಾಂಪಿಯೂ ಕರಿಯನೇ. ಮಂಕ್ ಎಸ್ಟಿಲ್ ಎಂಬ ಗುಲಾಮ ಪೆಟ್ಲುಪ್ಪು ತಯಾರಿಸಿ, ಅದಕ್ಕೆ ಗಂಧಕ ಇದ್ದಿಲುಗಳನ್ನು ಬೆರೆಸಿ ಕೋಟೆಗೆ ಮದ್ದು ಮಾಡಿಕೊಡುತ್ತಿದ್ದ. ಕೆಂಟಕಿಯಲ್ಲಿ ಬಿಡುಗಡೆ ಪಡೆದ ಮೊದಲ ಗುಲಾಮನೆಂದು ಅವನನ್ನು ಹೇಳುತ್ತಾರೆ. ಕುಲುಮೆಯ ಮುಂದೆ ನಿಂತಾಗ 'ಮದ್ದು ಮಾಡಿದವರು ಯಾರು?' ಎಂದು ಕೇಳಿ ನೋಡಿ.

ಅಪಾಯ ಕಳೆದ ಮೇಲೆ ಕೋಟೆ ಬೇಡವಾಯಿತು, ಊರೂ ಕ್ರಮೇಣ ಕರಗಿತು. ಎಲ್ಮ್ ಮರವನ್ನು 1828ರಲ್ಲಿ ಕಡಿದರು. 1980ರ ದಶಕದಲ್ಲಿ ಪುರಾತತ್ವಜ್ಞರು ಅಗೆದು ನೋಡಿ ಮೂಲ ಕೋಟೆಯ ನೆಲೆಯನ್ನು ಗುರುತಿಸಿದರು. 1996ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿತವಾಯಿತು. ಈಗ ಅಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ. ಹುಲ್ಲು, ಮರಗಳು, ಪಕ್ಕದಲ್ಲಿ ನದಿ. ಶಾನೀಗಳ ಮೂರು ಜನಾಂಗಗಳು ಇಂದು ಇಲ್ಲಿಂದ ನೂರಾರು ಮೈಲಿ ದೂರದ ಒಕ್ಲಹೋಮಾದಲ್ಲಿ ನೆಲೆಸಿವೆ.