ಆಪರೇಷನ್‌ಗೆ ಮುನ್ನ ಊಟದ ಲೆಕ್ಕ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಪರೇಷನ್ ಎಂದಾಗ ಕೊಲ್ಲಿಯಲ್ಲಿರುವ ನಾವೆಲ್ಲ ಕೇಳುವುದು ಮೂರು ಪ್ರಶ್ನೆ: ಯಾವ ಆಸ್ಪತ್ರೆ, ಯಾವ ಡಾಕ್ಟರು, ಎಷ್ಟು ಹಣ ಬೇಕು? ರೋಗಿಯ ತೂಕ ಎಷ್ಟು ಇಳಿದಿದೆ, ದಿನಕ್ಕೆ ಎಷ್ಟು ಊಟ ಸೇರುತ್ತಿದೆ ಎಂದು ಕೇಳುವವರು ಕಡಿಮೆ. ಆಪರೇಷನ್ ನಂತರ ಗಾಯ ಮಾಯುವುದೂ ಸೋಂಕು ತಗಲದಿರುವುದೂ ಈ ನಾಲ್ಕನೆಯ ಪ್ರಶ್ನೆಯನ್ನು ಬಹಳಷ್ಟು ಅವಲಂಬಿಸಿವೆ.

ವೈದ್ಯರಿಗೆ ಇದು ಗೊತ್ತಾಗಿ ಎಂಬತ್ತಕ್ಕೂ ಹೆಚ್ಚು ವರ್ಷಗಳೇ ಕಳೆದಿವೆ. 1936ರಲ್ಲಿ ಅಮೆರಿಕದ ಸರ್ಜನ್ ಹೈರಮ್ ಸ್ಟಡ್ಲಿ ಹೊಟ್ಟೆಹುಣ್ಣಿಗೆ ಆಪರೇಷನ್ ಆದವರ ಲೆಕ್ಕ ಪ್ರಕಟಿಸಿದರು. ಮೊದಲೇ ಶೇ. 20ಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದವರಲ್ಲಿ ಮೂವರಲ್ಲಿ ಒಬ್ಬರು ಉಳಿಯಲಿಲ್ಲ. ಅಷ್ಟು ತೂಕ ಇಳಿಯದವರಲ್ಲಿ ಸಾವು ಶೇ. 3.5 ಮಾತ್ರ.

ಕ್ಯಾನ್ಸರ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ರೋಗವೇ ಹಸಿವನ್ನು ಕೊಲ್ಲುತ್ತದೆ, ಮಾಂಸಖಂಡವನ್ನು ಕರಗಿಸುತ್ತದೆ. ಬಾಯಿ, ಗಂಟಲು, ಅನ್ನನಾಳ, ಜಠರದ ಕ್ಯಾನ್ಸರ್ ಆದರೆ ತುತ್ತು ಇಳಿಯುವುದೇ ಕಷ್ಟ. ಗುಟ್ಕಾ, ಎಲೆಅಡಿಕೆ, ಹೊಗೆಸೊಪ್ಪಿನಿಂದಾಗಿ ಬಾಯಿಯ ಕ್ಯಾನ್ಸರ್ ನಮ್ಮ ಕಡೆ ಬಹಳ. ರೋಗಿ ಬಡಕಲಾಗಿದ್ದರೆ ಹೊಲಿಗೆ ಕೂಡುವುದು ತಡ, ಆಸ್ಪತ್ರೆ ವಾಸ ಉದ್ದ, ಮುಂದಿನ ಕಿಮೋ ಮತ್ತು ರೇಡಿಯೇಷನ್ ಕೂಡ ಮುಂದಕ್ಕೆ ಹೋಗುತ್ತವೆ.

ಎಲ್ಲರೂ ಸೇರಿ ಮಾಡುವ ಕೆಲಸ

ಹಿಂದೆ ಸರ್ಜನ್ ತಮ್ಮ ಕೆಲಸ ಮಾಡುತ್ತಿದ್ದರು, ರೋಗಿ ತೀರಾ ಸೊರಗಿದ ಮೇಲೆ ಡಯಟೀಷಿಯನ್‌ಗೆ ಕರೆ ಹೋಗುತ್ತಿತ್ತು. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಆಪರೇಷನ್‌ನ ಮುಂಚೆ, ಆ ದಿನ ಮತ್ತು ನಂತರದ ಆರೈಕೆಯನ್ನು ಒಂದೇ ಯೋಜನೆಯಾಗಿ ನಡೆಸುವ ಕ್ರಮವನ್ನು ಬೆಳೆಸಿದರು. ಸರ್ಜನ್, ಅರಿವಳಿಕೆ ವೈದ್ಯರು, ಡಯಟೀಷಿಯನ್, ನರ್ಸ್, ನುಂಗುವುದನ್ನು ಕಲಿಸುವ ಥೆರಪಿಸ್ಟ್ ಎಲ್ಲರೂ ಒಂದೇ ಚಾರ್ಟ್ ನೋಡಿ ನಡೆಯುತ್ತಾರೆ. ಅಡುಗೆ ಮಾಡುವ ಮನೆಯವರೂ ಈ ತಂಡದಲ್ಲಿ ಸೇರಿದಂತೆಯೇ.

ಮೊದಲ ಹೆಜ್ಜೆ ತೂಕ ನೋಡುವುದು. 60 ಕಿಲೋ ಇದ್ದವರು ಆರು ತಿಂಗಳಲ್ಲಿ 54ಕ್ಕೆ ಇಳಿದಿದ್ದರೆ ಅದು ಶೇ. 10ರ ಇಳಿಕೆ, ಎಚ್ಚರಿಕೆಯ ಗಂಟೆ. ಅಪಾಯ ಹೆಚ್ಚಿದ್ದರೆ ಆಪರೇಷನ್ ಮುಂದೂಡಿಯಾದರೂ 7ರಿಂದ 14 ದಿನ ಪೋಷಣೆ ಕೊಡಬೇಕೆಂದು ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ ಹೇಳುತ್ತದೆ. 'ಅಷ್ಟರಲ್ಲಿ ಗಡ್ಡೆ ಬೆಳೆದರೆ?' ಎಂದು ಮನೆಯವರು ಹೆದರುವುದು ಸಹಜ. ಆ ಭಯವನ್ನು ಡಾಕ್ಟರ ಮುಂದೆಯೇ ಹೇಳಿ ಉತ್ತರ ಪಡೆಯಬೇಕು. ಮುಂದೂಡುವ ತೀರ್ಮಾನ ಅವರದು.

ಎರಡನೆಯದು ಪ್ರಮಾಣ. ಸಾಮಾನ್ಯವಾಗಿ ದಿನಕ್ಕೆ ದೇಹದ ಒಂದು ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್, 25ರಿಂದ 30 ಕ್ಯಾಲೊರಿ ಬೇಕು. 50 ಕಿಲೋ ತೂಕದವರಿಗೆ ಪ್ರೊಟೀನ್ 60ರಿಂದ 75 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬರೀ ಗಂಜಿ-ಉಪ್ಪಿನಕಾಯಿಯ ಪಥ್ಯದಲ್ಲಿ ಈ ಲೆಕ್ಕ ಎಂದೂ ತುಂಬದು. ಗಂಜಿಯೇ ಬೇಕೆಂದರೆ ಅದಕ್ಕೆ ಹೆಸರುಬೇಳೆ ಬೇಯಿಸಿ ಸೇರಿಸಿ, ಹಾಲಿನ ಪುಡಿ ಕಲಸಿ, ಒಂದು ಚಮಚ ತುಪ್ಪ ಹಾಕಿ. ರಾಗಿ ಅಂಬಲಿಗೆ ಮೊಸರು, ಮೆತ್ತಗೆ ಬೇಯಿಸಿದ ಮೀನು, ನುಣ್ಣಗೆ ಅರೆದ ಕೋಳಿ ಸೂಪ್ ಆಗಬಹುದು. ಮೂರು ಹೊತ್ತಿನ ತಟ್ಟೆ ನೋಡಿದರೇ ಬೇಸರವಾಗುವವರಿಗೆ ಆರು ಸಲ ಸ್ವಲ್ಪ ಸ್ವಲ್ಪ ಕೊಡುವುದು ಸುಲಭ.

ಮೂರನೆಯದು ಉಪವಾಸ. ಹಿಂದಿನ ರಾತ್ರಿ 12ರಿಂದ ನೀರೂ ಕೂಡದು ಎಂಬುದು ಹಳೆಯ ನಿಯಮ. ಈಗ ಹೆಚ್ಚಿನವರಿಗೆ ಘನ ಆಹಾರ ಆರು ಗಂಟೆ ಮೊದಲು ನಿಲ್ಲಿಸಿ, ನೀರಿನಂಥ ತಿಳಿ ಪಾನೀಯವನ್ನು ಎರಡು ಗಂಟೆ ಮೊದಲಿನವರೆಗೂ ಬಿಡುತ್ತಾರೆ. ಸಕ್ಕರೆ ಕಾಯಿಲೆ, ಕರುಳಿನ ಅಡ್ಡಿ ಇದ್ದವರಿಗೆ ಲೆಕ್ಕ ಬೇರೆ. ಆದ್ದರಿಂದ ಇದರಲ್ಲಿ ಅರಿವಳಿಕೆ ವೈದ್ಯರ ಮಾತೇ ಕೊನೆಯ ಮಾತು.

ನಾಲ್ಕನೆಯದು ಆಪರೇಷನ್ ನಂತರ. ಅನೇಕ ಆಪರೇಷನ್‌ಗಳಲ್ಲಿ 24 ಗಂಟೆಯೊಳಗೆ ಬಾಯಿಂದಲೋ ಟ್ಯೂಬಿನಿಂದಲೋ ಆಹಾರ ಶುರುಮಾಡುತ್ತಾರೆ. ಬಾಯಿ, ಗಂಟಲಿನ ಆಪರೇಷನ್ ಆದವರಿಗೆ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕುತ್ತಾರೆ. ಅದನ್ನು ಕಂಡು 'ಮುಗಿಯಿತು' ಎಂದು ಕಣ್ಣೀರು ಹಾಕುವವರಿದ್ದಾರೆ. ಗಾಯ ಮಾಯುವ ತನಕ ಅನ್ನ ಹೋಗುವ ದಾರಿ ಅದು, ಅಷ್ಟೇ. ಅದರಲ್ಲಿ ಏನು, ಎಷ್ಟು ತೆಳುವಾಗಿ, ಎಷ್ಟು ಹೊತ್ತಿಗೊಮ್ಮೆ ಹಾಕಬೇಕೆಂದು ಡಯಟೀಷಿಯನ್ ಬಳಿ ಬರೆಸಿಕೊಳ್ಳಬೇಕು. ಬಹಳ ದಿನ ಏನೂ ಉಣ್ಣದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯವಾದೀತು. ಅವರಿಗೆ ನಿಧಾನವಾಗಿಯೇ ಏರಿಸಬೇಕು.

ನಮ್ಮ ಪಾಲು

ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ, ಹಾಲು-ಮೊಟ್ಟೆ ತಿಂದರೆ ಗಾಯ ಕೀವಾಗುತ್ತದೆ ಎಂಬ ಮಾತುಗಳು ವಾಟ್ಸಾಪಿನಲ್ಲಿ ಹೆಚ್ಚಾಗಿ ನಮ್ಮ ಫೋನಿನಿಂದಲೇ ಊರಿಗೆ ಹೋಗುತ್ತವೆ. ಅವುಗಳನ್ನು ನಂಬಿ ರೋಗಿಯ ಬಾಯಿ ಕಟ್ಟಿಸುವುದು ದೊಡ್ಡ ತಪ್ಪು. ರಜೆಗೆ ಹೋಗುವವರ ಕೈಯಲ್ಲಿ ಪ್ರೊಟೀನ್ ಪುಡಿಯ ಡಬ್ಬ ಕಳುಹಿಸುವ ಮುನ್ನ, ಕಿಡ್ನಿ ಮತ್ತು ಸಕ್ಕರೆಯ ರಿಪೋರ್ಟ್ ನೋಡಿದ ಡಯಟೀಷಿಯನ್ ಒಪ್ಪಿದ್ದಾರೆಯೇ ಎಂದು ಕೇಳಿ.

ಊರಲ್ಲಿ ರೋಗಿಯ ಜೊತೆ ಇರುವ ತಮ್ಮನಿಗೋ ಅಕ್ಕನಿಗೋ ಮೂರು ಕೆಲಸ ಒಪ್ಪಿಸಿ: ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆಯುವುದು, ತಿಂದದ್ದನ್ನು ನೋಟ್‌ಬುಕ್ಕಿನಲ್ಲಿ ಗುರುತಿಸುವುದು, ಆಪರೇಷನ್ ದಿನ ಗೊತ್ತಾದ ಕೂಡಲೇ ಡಯಟೀಷಿಯನ್ ಭೇಟಿ ಕೇಳುವುದು. ಡಿಸ್ಚಾರ್ಜ್ ದಿನ ಊಟದ ಚೀಟಿಯನ್ನೂ ಕೇಳಿ ಪಡೆಯಲಿ.

ಇದು ನಮಗೂ ಅನ್ವಯಿಸುತ್ತದೆ. ಕ್ಯಾಂಪಿನ ಮೆಸ್ಸಿನಲ್ಲಿ ಉಣ್ಣುತ್ತಾ, ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಗಿ ಬಂದರೂ 'ಬಿಸಿಲಿಗೆ ಇಳಿದಿದ್ದೇನೆ' ಎಂದು ಸುಮ್ಮನಿರುವವರು ನಮ್ಮಲ್ಲಿ ಇದ್ದಾರೆ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ನುಂಗಲು ಕಷ್ಟವಾದರೆ ರಜೆಯವರೆಗೆ ಕಾಯದೆ ಇಲ್ಲಿಯೇ ಡಾಕ್ಟರಿಗೆ ತೋರಿಸಿ. ಚಿಕಿತ್ಸೆಗೆ ಊರಿಗೆ ಹೊರಟರೆ ಸ್ಕ್ಯಾನ್ ರಿಪೋರ್ಟಿನ ಜೊತೆ ಕಳೆದ ಆರು ತಿಂಗಳ ತೂಕವನ್ನೂ ಬರೆದುಕೊಂಡು ಹೋಗಿ.